‘ಇವನು ನನ್ನ ತಮ್ಮ’: ಅಷ್ಟೇ ವಾಕ್ಯ

ಲಖನೌದಿಂದ ಬೆಂಗಳೂರಿಗೆ ಬಂದು ಕನ್ನಡ ಕಲಿಯುತ್ತಿದ್ದೀರಿ, ಬಹಳ ಸಂತೋಷ. ಆದರೆ ‘ಇವನು ನನ್ನ ತಮ್ಮ ಇದ್ದಾನೆ’ ಅನ್ನಬೇಡಿ. ಹಿಂದಿಯಲ್ಲಿ ಕೊನೆಗೆ ‘ಹೈ’ ಬೇಕು, ಅದೇ ಅಭ್ಯಾಸ ಇಲ್ಲೂ ಬರುತ್ತದೆ. ಕನ್ನಡದಲ್ಲಿ ‘ಇವನು ನನ್ನ ತಮ್ಮ’ ಅಂದರೆ ಮುಗಿಯಿತು. ಕ್ರಿಯಾಪದ ಬೇಕಿಲ್ಲ.

ನಮ್ಮೂರು ಮುಳಬಾಗಿಲು. ಕೋಲಾರ ಜಿಲ್ಲೆಯ ಆ ಕಡೆ ಆಂಧ್ರವೂ ಹತ್ತಿರ, ತಮಿಳುನಾಡೂ ದೂರವಲ್ಲ. ಬಸ್ಸಲ್ಲಿ ಪಕ್ಕದವರು ‘ನಿಮ್ದು ಯಾವೂರು?’ ಅಂತ ಕೇಳಬಹುದು, ತೆಲುಗಲ್ಲಿ ‘ಮೀದಿ ಏ ಊರು?’ ಅನ್ನಬಹುದು, ತಮಿಳಲ್ಲಿ ‘ನೀಂಗ ಎಂದ ಊರು?’ ಅಂತಲೂ ಅನ್ನಬಹುದು. ಮೂರರಲ್ಲೂ ಕ್ರಿಯಾಪದ ಇಲ್ಲ, ನೋಡಿ. ಪದ ಬೇರೆ, ಕಟ್ಟು ಒಂದೇ. ಮಲಯಾಳಂನಲ್ಲಿ ಮಾತ್ರ ಸಾಮಾನ್ಯವಾಗಿ ಕೊನೆಗೆ ‘ಆಣ್’ ಸೇರುತ್ತದೆ.

ಹಾಗಾದರೆ ‘ಕಾಫಿ ಚೆನ್ನಾಗಿದೆ’ ಅನ್ನುವಾಗ ‘ಇದೆ’ ಯಾಕೆ? ‘ಚೆನ್ನಾಗಿ’ ಅಷ್ಟಕ್ಕೇ ನಿಲ್ಲುವ ಪದ ಅಲ್ಲ. ‘ಒಳ್ಳೆ’ಯೂ ಹಾಗೇ. ‘ಅವರು ಒಳ್ಳೆ’ ಅಂದರೆ ಮಾತು ಅರ್ಧಕ್ಕೆ ನಿಂತಂತೆ, ಅಲ್ವಾ? ‘ಒಳ್ಳೆಯವರು’ ಅನ್ನಿ, ಅದು ಹೆಸರಾಯಿತು, ಅಂದರೆ ನಾಮಪದ, ವಾಕ್ಯ ಪೂರ್ತಿಯಾಯಿತು. ತೆಲುಗಿನವರು ಇನ್ನೂ ಮುಂದೆ ಹೋಗಿದ್ದಾರೆ. ‘ನೇನು ಮಂಚಿವಾಡಿನಿ’ ಅಂದರೆ ನಾನು ಒಳ್ಳೆಯವನು, ‘ನುವ್ವು ಮಂಚಿವಾಡಿವಿ’ ಅಂದರೆ ನೀನು ಒಳ್ಳೆಯವನು. ನಾನೋ ನೀನೋ ಅನ್ನುವುದು ಆ ಹೆಸರಿನ ಕೊನೆಯಲ್ಲೇ ತಿಳಿಯುತ್ತದೆ. ಕ್ರಿಯಾಪದ ಮಾಡುವ ಕೆಲಸವನ್ನು ಹೆಸರೇ ಮಾಡಿಬಿಡುತ್ತದೆ! ನನಗಂತೂ ಇದು ತುಂಬಾ ಇಷ್ಟ.

ಹಿಂದಿನ ಮಾತು ಹೇಳುವಾಗ ಕ್ರಿಯಾಪದ ಬರಲೇಬೇಕು: ‘ನಮ್ಮಪ್ಪ ಮೇಷ್ಟ್ರು’, ‘ನಮ್ಮ ತಾತ ಮೇಷ್ಟ್ರಾಗಿದ್ದರು’. ಎಲ್ಲಿ ಅಂತ ಹೇಳುವಾಗಲೂ ಸಾಮಾನ್ಯವಾಗಿ ಬರುತ್ತದೆ: ‘ತಮ್ಮ ಮನೇಲಿದ್ದಾನೆ’.

ಎಲ್ಲಿ ‘ಇದೆ’ ಬೇಕು, ಎಲ್ಲಿ ಬೇಡ ಅಂತ ಗೊಂದಲ ಆದಾಗ ಅದೇ ಮಾತನ್ನು ಅಲ್ಲಗಳೆದು ನೋಡಿ. ‘ಇವನು ನನ್ನ ತಮ್ಮ ಅಲ್ಲ.’ ‘ತಮ್ಮ ಮನೇಲಿಲ್ಲ.’ ‘ಕಾಫಿ ಚೆನ್ನಾಗಿಲ್ಲ.’ ‘ಇಲ್ಲ’ ಬಂದ ಕಡೆ ‘ಇದೆ’, ‘ಇದ್ದಾನೆ’ ಬೇಕು. ‘ಅಲ್ಲ’ ಬಂದ ಕಡೆ ಏನೂ ಬೇಡ. ತೆಲುಗಿನಲ್ಲೂ ‘ಕಾದು’, ‘ಲೇದು’ ಅಂತ ಎರಡಿವೆ, ಅಲ್ಲೂ ಈ ಉಪಾಯ ನಡೆಯುತ್ತದೆ. ತಮಿಳಿನ ಆಡುಮಾತಲ್ಲಿ ಎರಡಕ್ಕೂ ‘ಇಲ್ಲೆ’ ಅಂದುಬಿಡುತ್ತಾರೆ, ಹಾಗಾಗಿ ಅಲ್ಲಿ ಇದು ಕೆಲಸಕ್ಕೆ ಬಾರದು. ಬೆಂಗಳೂರಲ್ಲಿ ಕನ್ನಡಕ್ಕೆ ಧಾರಾಳವಾಗಿ ಸಾಕು.