ಕಾಯಿಲೆಯ ಹೊರೆ ಅಳೆಯೋಕೆ ಸತ್ತವರನ್ನು ಎಣಿಸಿದರೆ ಸಾಲದಾ?

ಮನೆಗೆ ಸರ್ವೆಯವರು ಬಂದು ನಿಮ್ಮ ತಾಯಿಯವರ ಬಿಪಿಯನ್ನು ಮೂರು ಸಲ ನೋಡಿದರು, ರಕ್ತ ತೆಗೆದುಕೊಂಡರು, ಸೊಂಟ ನೋವು, ನಡಿಗೆ, ನಿದ್ದೆ ಅಂತ ಏನೇನೋ ಕೇಳಿದರು, ‘ಕಾಯಿಲೆಗಳ ಹೊರೆ ಅಳೀತಿದ್ದೀವಿ’ ಅಂದರು ಎಂದು ಬರೆದಿದ್ದೀರಿ. ಯಾವ ಕಾಯಿಲೆಗೆ ಎಷ್ಟು ಜನ ಸತ್ತರು ಅಂತ ಎಣಿಸಿದರೆ ಸಾಲದಾ, ಈ ಲೆಕ್ಕವನ್ನು ನಂಬಬಹುದಾ ಅನ್ನೋದು ನಿಮ್ಮ ಪ್ರಶ್ನೆ. ಈ ಅಳತೆಯೇ ನನ್ನ ಕೆಲಸ. ಹಾಗಾಗಿ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ಸಾಲದು. ಸೊಂಟ ನೋವಿನಿಂದ ಯಾರೂ ಸಾಯುವುದಿಲ್ಲ. ಆದರೆ ಜಗತ್ತಿನಲ್ಲಿ ಜನ ನರಳಿಕೊಂಡು ಕಳೆಯುವ ವರ್ಷಗಳನ್ನೆಲ್ಲ ಕೂಡಿಸಿದರೆ ಮೊದಲ ಸ್ಥಾನ ಅದಕ್ಕೇ. ಮೈಗ್ರೇನ್, ಖಿನ್ನತೆ ಕೂಡ ಮೇಲಿನ ಸಾಲಿನಲ್ಲೇ ಬರುತ್ತವೆ. ನಾಟಿ ಮಾಡಲು ಬಗ್ಗೋಕಾಗದೆ ಕೂಲಿ ಬಿಟ್ಟು ಮನೆಯಲ್ಲಿ ಕೂತ ಹೆಂಗಸು ಸಾವಿನ ಪಟ್ಟಿಯಲ್ಲಿ ಎಲ್ಲೂ ಸಿಗುವುದಿಲ್ಲ. ಅವಳನ್ನೂ ಲೆಕ್ಕಕ್ಕೆ ತರಬೇಕಲ್ವಾ?

ಅದಕ್ಕೆಂದೇ ‘ಡ್ಯಾಲಿ’ ಅನ್ನೋ ಒಂದು ಅಳತೆ ಇದೆ. 1993ರ ವಿಶ್ವಬ್ಯಾಂಕ್ ವರದಿಯಿಂದ ಅದು ಎಲ್ಲ ಕಡೆ ಬಳಕೆಗೆ ಬಂತು. ಕ್ರಿಸ್ಟೋಫರ್ ಮರ್ರೆ, ಅಲನ್ ಲೋಪೆಜ್ ಇದನ್ನು ಬೆಳೆಸಿದವರಲ್ಲಿ ಮುಖ್ಯರು. ಒಂದು ಡ್ಯಾಲಿ ಅಂದರೆ ಕೈತಪ್ಪಿದ ಒಂದು ಆರೋಗ್ಯವಂತ ವರ್ಷ. ಅದರಲ್ಲಿ ಎರಡು ಭಾಗ. ಬೇಗ ತೀರಿಕೊಂಡಿದ್ದರಿಂದ ಹೋದ ವರ್ಷಗಳು ಒಂದು. ಬದುಕಿದ್ದೂ ಕಾಯಿಲೆಯಲ್ಲಿ ಕಳೆದ ವರ್ಷಗಳು ಇನ್ನೊಂದು. ಮೊದಲನೆಯದು ಸುಲಭ: 2010ರ ಜಾಗತಿಕ ಲೆಕ್ಕದಲ್ಲಿ ಹುಟ್ಟುವಾಗಿನ ಆಯಸ್ಸಿನ ಮಾನದಂಡ 86 ವರ್ಷ ಇತ್ತು, 50 ತಲುಪಿದವರಿಗೆ ಅದು ಇನ್ನೂ ತುಸು ಹೆಚ್ಚು. ಹಾಗಾಗಿ 50ಕ್ಕೇ ಹೋದವರಿಗೆ 36ಕ್ಕಿಂತ ಹೆಚ್ಚು ವರ್ಷ ನಷ್ಟ.

ಎರಡನೆಯದೇ ಕಷ್ಟ. ಪ್ರತಿ ತೊಂದರೆಗೂ ಸೊನ್ನೆಯಿಂದ ಒಂದರವರೆಗೆ ಒಂದು ತೂಕ ಕೊಡುತ್ತಾರೆ. ಸೊನ್ನೆ ಅಂದರೆ ಪೂರ್ತಿ ಆರೋಗ್ಯ, ಒಂದು ಅಂದರೆ ಸಾವಿಗೆ ಸಮ. 2013ರ ಜಾಗತಿಕ ಲೆಕ್ಕದ ತೂಕಗಳ ಪಟ್ಟಿಯಲ್ಲಿ ಬೇರೆ ತೊಡಕಿಲ್ಲದ ಶುಗರ್ ಕಾಯಿಲೆಗೆ 0.049. ಶುಗರ್‌ನಿಂದ ನರ ಹಾಳಾಗಿ ಕಾಲು ಉರಿ, ಜೋಮು ಶುರುವಾದರೆ 0.133. ಆ ಉರಿಯಲ್ಲೇ 20 ವರ್ಷ ಬದುಕಿದವರಿಗೆ ಎರಡೂವರೆ ವರ್ಷಕ್ಕೂ ಜಾಸ್ತಿ ಆರೋಗ್ಯ ಹೋಯಿತು ಅಂತ ಲೆಕ್ಕ.

ಇದೇ ಪಟ್ಟಿಯಲ್ಲಿ ನಾನು ಮತ್ತೆ ಮತ್ತೆ ಎಲ್ಲರಿಗೂ ತೋರಿಸುವ ಒಂದು ಜಾಗ ಇದೆ. ಒಂದು ಕಾಲು ತೆಗೆಸಿಕೊಂಡು ಕೃತಕ ಕಾಲು ಸಿಗದವರಿಗೆ 0.173. ಕೃತಕ ಕಾಲು, ಆರೈಕೆ ಸಿಕ್ಕವರಿಗೆ 0.039. ಹೋಗಿದ್ದು ಇಬ್ಬರದೂ ಕಾಲೇ. ಆದರೆ ಹತ್ತು ವರ್ಷಕ್ಕೆ ಒಬ್ಬರಿಗೆ 1.73 ವರ್ಷ ನಷ್ಟ, ಇನ್ನೊಬ್ಬರಿಗೆ 0.39. ಅಂದರೆ ಹೊರೆ ಅನ್ನೋದು ಬರೀ ಕಾಯಿಲೆಯಿಂದ ಬರುವುದಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಏನು ಸಿಗುತ್ತೆ, ಏನು ಸಿಗಲ್ಲ ಅನ್ನೋದೂ ಅದರೊಳಗೇ ಇದೆ.

ಈ ತೂಕಗಳ ಬಗ್ಗೆ ನನಗೆ ತಕರಾರೂ ಇದೆ. ಇವನ್ನು ಡಾಕ್ಟರುಗಳೇ ಕೂತು ತೀರ್ಮಾನಿಸಿದ್ದಲ್ಲ. ಇಬ್ಬರ ಸ್ಥಿತಿಯನ್ನು ನಾಲ್ಕು ಮಾತಿನಲ್ಲಿ ಹೇಳಿ, ‘ಇವರಲ್ಲಿ ಯಾರ ಆರೋಗ್ಯ ಮೇಲು?’ ಅಂತ ಸಾಮಾನ್ಯ ಜನರನ್ನು ಕೇಳಿದರು. ಅದು ಒಳ್ಳೆಯದೇ. ಆದರೆ 2012ರಲ್ಲಿ ಪ್ರಕಟವಾದ ಆ ಅಧ್ಯಯನದ ಜನ ಬಾಂಗ್ಲಾದೇಶ, ಇಂಡೋನೇಷ್ಯಾ, ಪೆರು, ತಾಂಜಾನಿಯ, ಅಮೆರಿಕದವರು, ಜೊತೆಗೆ ಇಂಟರ್ನೆಟ್‌ನಲ್ಲಿ ಉತ್ತರಿಸಿದವರು. ನಮ್ಮ ಹಳ್ಳಿಗಳ ಮನೆ ಬಾಗಿಲಿಗೆ ಆ ಪ್ರಶ್ನೆ ಬರಲಿಲ್ಲ. 1990ರ ದಶಕದಲ್ಲಿ ಪೂರ್ತಿ ಕುರುಡುತನಕ್ಕೆ ಇದ್ದ ತೂಕ 0.6, 2013ಕ್ಕೆ ಅದು 0.187. ಸರಿಯಾದ ರಸ್ತೆಯಿಲ್ಲದ ಊರಿನಲ್ಲಿ, ಕೈಹಿಡಿದು ಕರೆದುಕೊಂಡು ಹೋಗುವವರಿಲ್ಲದ ಅಜ್ಜಿಗೆ 0.187 ಅಂದರೆ ನನಗೆ ಒಪ್ಪೋಕೆ ಆಗುವುದಿಲ್ಲ.

ಇನ್ನು ಬಿಪಿ ಯಾಕೆ ಮೂರು ಸಲ? ಮನೆಗೆ ಅಪರಿಚಿತರು ಬಂದು ತೋಳಿಗೆ ಪಟ್ಟಿ ಕಟ್ಟಿದರೆ ಯಾರಿಗಾದರೂ ಒಂದಿಷ್ಟು ಏರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ‘ಸ್ಟೆಪ್ಸ್’ ಸರ್ವೆಯ ಕ್ರಮದಲ್ಲಿ ಮೊದಲು 15 ನಿಮಿಷ ಸುಮ್ನೆ ಕೂರಿಸಬೇಕು. ಪಾದ ನೆಲಕ್ಕೆ ತಾಗಿರಬೇಕು, ಕಾಲ ಮೇಲೆ ಕಾಲು ಹಾಕಿರಬಾರದು, ಮಾತಾಡಬಾರದು. ಆಮೇಲೆ ಮೂರು ರೀಡಿಂಗ್. ಎರಡನೆಯದು, ಮೂರನೆಯದರ ಸರಾಸರಿಯನ್ನೇ ಲೆಕ್ಕಕ್ಕೆ ಹಿಡಿಯುವುದು. ಮಕ್ಕಳು ಓಡಾಡುವ, ಟಿವಿ ಕೂಗುವ, ‘ಕಾಫಿ ಕುಡೀರಿ’ ಅಂತ ಮನೆಯವರು ಬಲವಂತ ಮಾಡುವ ನಡುಮನೆಯಲ್ಲಿ ಇಷ್ಟನ್ನು ನಡೆಸುವ ಹುಡುಗಿಯರ ತಾಳ್ಮೆ ದೊಡ್ಡದು. ಕೊನೆಗೆ ಪತ್ರಿಕೆಯಲ್ಲಿ ಬರುವ ಶೇಕಡಾವಾರು ಅಂಕಿ ನಿಂತಿರುವುದು ಆ 15 ನಿಮಿಷದ ಮೇಲೆ. ‘ನನಗೆ ಬಿಪಿ ಇಲ್ಲ’ ಅಂತ ಖಡಾಖಂಡಿತ ಹೇಳಿದವರಲ್ಲೇ ಎಷ್ಟೋ ಜನರಿಗೆ ಬಿಪಿಯ ಮೇಲಿನ ಅಂಕಿ 160 ದಾಟಿರುವುದನ್ನು ನೋಡಿದ್ದೇನೆ. ಅದಕ್ಕೇ ಬಾಯಿಮಾತಿನಲ್ಲಿ ಕೇಳಿ ಬರೆದುಕೊಂಡರೆ ಆಗುವುದಿಲ್ಲ.

ಸಾವಿನ ಲೆಕ್ಕವಾದರೂ ಗಟ್ಟಿ ಅಂದುಕೊಂಡಿದ್ದೀರಿ. ಅದೂ ಅಷ್ಟಕ್ಕಷ್ಟೇ. 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳಲ್ಲಿ ಡಾಕ್ಟರ್ ಕಾರಣ ಬರೆದು ಕೊಟ್ಟಿದ್ದು ಸುಮಾರು 22.5%ಕ್ಕೆ ಮಾತ್ರ. ಬರೆದದ್ದರಲ್ಲೂ ತೊಂದರೆ ಇದೆ. ಆ ಫಾರಂನಲ್ಲಿ ಒಂದರ ಕೆಳಗೊಂದು ಸಾಲು ಇರುತ್ತವೆ: ತಕ್ಷಣದ ಕಾರಣ, ಅದಕ್ಕೆ ಕಾರಣ, ಎಲ್ಲಕ್ಕೂ ಮೂಲ ಕಾರಣ. ರಕ್ತಕ್ಕೆ ನಂಜು ಏರಿತು, ಅದು ಕಾಲಿನ ಗ್ಯಾಂಗ್ರಿನ್‌ನಿಂದ, ಅದು ಶುಗರ್‌ನಿಂದ. ಹೀಗೆ ಬರೆದರೆ ಆ ಸಾವು ಶುಗರ್‌ನ ಲೆಕ್ಕಕ್ಕೆ ಸೇರುತ್ತದೆ. ‘ಹೃದಯ, ಉಸಿರಾಟ ನಿಂತು ಸಾವು’ ಅಂತ ಒಂದೇ ಸಾಲು ಬರೆದರೆ? ಹೃದಯ ಎಲ್ಲರದೂ ನಿಲ್ಲುತ್ತದೆ. 20 ವರ್ಷ ಕಾಡಿದ ಶುಗರ್ ಕಾಗದದಿಂದಲೇ ಮಾಯ.

ಮನೆಯಲ್ಲೇ ತೀರಿಕೊಂಡವರ ಬಗ್ಗೆ ತಿಳಿಯಲು ಮನೆಯವರನ್ನೇ ಕೇಳುವ ಪದ್ಧತಿ ಇದೆ. ಎದೆ ನೋವಿತ್ತಾ, ಬೆವರಿದರಾ, ಒಂದು ಕಡೆ ಕೈಕಾಲು ಬಿದ್ದುಹೋಗಿತ್ತಾ, ಎಷ್ಟು ದಿನ ಜ್ವರ? ಆ ಉತ್ತರಗಳನ್ನು ಇಬ್ಬರು ಡಾಕ್ಟರುಗಳು ಬೇರೆ ಬೇರೆಯಾಗಿ ಓದಿ ಕಾರಣ ಹೇಳುತ್ತಾರೆ. ಅವರಿಬ್ಬರಿಗೂ ಒಮ್ಮತ ಆಗದಿದ್ದರೆ ಮೂರನೆಯವರು ತೀರ್ಮಾನಿಸುತ್ತಾರೆ. ಸಂಶೋಧಕ ಪ್ರಭಾತ್ ಝಾ ಅವರ ತಂಡ, ದೇಶದ ಜನನ-ಮರಣಗಳ ಲೆಕ್ಕ ನೋಡಿಕೊಳ್ಳುವ ರಿಜಿಸ್ಟ್ರಾರ್ ಜನರಲ್ ಕಚೇರಿಯ ಜೊತೆ ಸೇರಿ ನಡೆಸಿದ ‘ಮಿಲಿಯನ್ ಡೆತ್ ಸ್ಟಡಿ’ ಇದೇ ದಾರಿ ಹಿಡಿದದ್ದು. ದುಃಖದಲ್ಲಿರುವವರ ಮುಂದೆ ಕೂತು ಇದನ್ನೆಲ್ಲ ಕೇಳೋದು ಸುಲಭವಲ್ಲ. ಆದರೂ ಹೆಚ್ಚಿನವರು ಮನಸ್ಸು ಬಿಚ್ಚಿ ಹೇಳುತ್ತಾರೆ.

ನಂಬಬಹುದಾ ಅಂದರೆ, ದಿಕ್ಕನ್ನು ಧಾರಾಳವಾಗಿ ನಂಬಿ. 2017ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತಿತರ ಸಂಸ್ಥೆಗಳು ತಂದ ರಾಜ್ಯವಾರು ವರದಿಯ ಪ್ರಕಾರ, ದೇಶದ ಒಟ್ಟು ಹೊರೆಯಲ್ಲಿ ಹೃದ್ರೋಗ, ಶುಗರ್, ಕ್ಯಾನ್ಸರ್‌ನಂಥ ಅಂಟದ ಕಾಯಿಲೆಗಳ ಪಾಲು 1990ರಲ್ಲಿ 30% ಇದ್ದದ್ದು 2016ಕ್ಕೆ 55% ಆಯಿತು. ಇಷ್ಟು ದೊಡ್ಡ ಬದಲಾವಣೆ ಅಳತೆಯ ಏರುಪೇರಿನಿಂದ ಬರುವುದಿಲ್ಲ. ಬಿಡಿ ಅಂಕಿ ಕಂಡಾಗ ಮಾತ್ರ ಹೇಗೆ ಅಳೆದರು, ಯಾವಾಗ ಅಳೆದರು ಅಂತ ನೋಡಿ. ದೇಶದಲ್ಲಿ 10.1 ಕೋಟಿ ಶುಗರ್ ರೋಗಿಗಳಿದ್ದಾರೆ ಅಂತ 2023ರಲ್ಲಿ ಬಂದ ಲೆಕ್ಕ 1.13 ಲಕ್ಷ ಜನರನ್ನು ನಿಜವಾಗಿ ಪರೀಕ್ಷಿಸಿ ಮಾಡಿದ್ದು, ಅದು ಅದರ ಬಲ. ಆದರೆ ಬೇರೆ ಬೇರೆ ರಾಜ್ಯಗಳಲ್ಲಿ 2008ರಿಂದ 2020ರವರೆಗೆ ಹಂತ ಹಂತವಾಗಿ ನಡೆದದ್ದು, ಅದನ್ನೂ ನೆನಪಿಡಬೇಕು.

ತಾಯಿಯವರ ರೀಡಿಂಗ್ ಬರೆದ ಚೀಟಿ ಕೊಟ್ಟಿದ್ದಾರಾ ನೋಡಿ. ಕೊಡದಿದ್ದರೆ ಕೇಳಿ ಪಡೆಯಿರಿ, ಅದು ನಿಮ್ಮ ಹಕ್ಕು. 140/90 ಅಥವಾ ಅದಕ್ಕಿಂತ ಮೇಲಿದ್ದರೆ ಹತ್ತಿರದ ಪಿಎಚ್‌ಸಿಗೋ ಸರ್ಕಾರದ ‘ನಮ್ಮ ಕ್ಲಿನಿಕ್’ಗೋ ಕರೆದುಕೊಂಡು ಹೋಗಿ ಇನ್ನೊಂದು ದಿನ ಮತ್ತೆ ನೋಡಿಸಿ.