ದುಬೈ ಶಾಲೆಗೆ ಹೊರಟ ಶಿಕ್ಷಕ ದಂಪತಿಗೆ

ಪ್ರಶ್ನೆ: ನಾವಿಬ್ಬರೂ ಶಿವಮೊಗ್ಗದಲ್ಲಿ ಶಿಕ್ಷಕರು. ಆಗಸ್ಟ್‌ನಲ್ಲಿ ದುಬೈನ ಅಂತರರಾಷ್ಟ್ರೀಯ ಶಾಲೆಯೊಂದಕ್ಕೆ ಸೇರಲಿದ್ದೇವೆ. ನೆಲೆಯೂರಲು ಯಾವುದಕ್ಕೆ ಹೆಚ್ಚು ಗಮನ ಕೊಡಬೇಕು?

ಉತ್ತರ: ಪದವಿ ಪ್ರಮಾಣಪತ್ರಗಳ ದೃಢೀಕರಣ ರಾಜ್ಯ ಸರ್ಕಾರ, ವಿದೇಶಾಂಗ ಸಚಿವಾಲಯ, ಯುಎಇ ರಾಯಭಾರ ಕಚೇರಿ ಎಂದು ಹಂತ ಹಂತವಾಗಿ ಸಾಗುವುದರಿಂದ ಅದನ್ನು ಇಂದೇ ಆರಂಭಿಸಿ.

ಒಪ್ಪಂದಪತ್ರದಲ್ಲಿ ಒಟ್ಟು ಸಂಬಳಕ್ಕಿಂತ ಮೂಲ ವೇತನವನ್ನು ನೋಡಿ. ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಯಿಟಿ ಮೊದಲ 5 ವರ್ಷಗಳಿಗೆ ವರ್ಷಕ್ಕೆ 21 ದಿನಗಳ, ಆನಂತರ 30 ದಿನಗಳ ಮೂಲ ವೇತನದಂತೆ ಲೆಕ್ಕವಾಗುತ್ತದೆ. ಭತ್ಯೆಗಳು ಅದರಲ್ಲಿ ಸೇರುವುದಿಲ್ಲ. ಇದನ್ನು ಗಮನಿಸದೆ ಸಹಿ ಹಾಕಿ ನೊಂದವರನ್ನು ನಾನು ಬಲ್ಲೆ.

ಮನೆಯನ್ನು ಶಾಲೆಯೇ ಕೊಡದಿದ್ದರೆ ಬಾಡಿಗೆಯ ಪದ್ಧತಿ ನಿಮಗೆ ಹೊಸದೆನಿಸೀತು. ಅಲ್ಲಿ ವರ್ಷದ ಬಾಡಿಗೆಯನ್ನು ಕೆಲವೇ ಕಂತುಗಳಾಗಿ ಒಡೆದು, ಮುಂದಿನ ದಿನಾಂಕಗಳ ಚೆಕ್ಕುಗಳನ್ನು ಮೊದಲೇ ಬರೆದುಕೊಡುವುದು ರೂಢಿ. ಬಾಡಿಗೆ ಕರಾರು ದುಬೈ ಸರ್ಕಾರದ ಬಾಡಿಗೆ ನೋಂದಣಿ ವ್ಯವಸ್ಥೆಯಾದ 'ಇಜಾರಿ'ಯಲ್ಲಿ ದಾಖಲಾಗಬೇಕು. ಬಾಡಿಗೆಯ ಕಂತುಗಳು ದೊಡ್ಡದಾಗಿರುವುದರಿಂದ ಮೊದಲ ಕಂತಿಗೂ ಮೊದಲ ಸಂಬಳ ಬರುವವರೆಗಿನ ಖರ್ಚಿಗೂ ಊರಿನಿಂದಲೇ ಹಣ ಒಯ್ಯಿರಿ.

ಆಗಸ್ಟ್‌ನ ಸೆಕೆಯಲ್ಲಿ ಬಸ್ ನಿಲ್ದಾಣದವರೆಗಿನ ಹತ್ತು ನಿಮಿಷದ ನಡಿಗೆಗೇ ಅಂಗಿ ಬೆನ್ನಿಗಂಟುತ್ತದೆ. ಮನೆ ಆರಿಸುವಾಗ ಇದೂ ನೆನಪಿರಲಿ. ವಾರದ ರಜೆ 2022ರಿಂದ ಶನಿವಾರ, ಭಾನುವಾರ. ಶುಕ್ರವಾರ ಅರ್ಧ ದಿನ.

ತರಗತಿಯಲ್ಲಿ ಹಲವು ದೇಶಗಳ ಮಕ್ಕಳಿರುತ್ತಾರೆ. ಮೊದಲ ವಾರ ಪ್ರತಿ ಮಗುವಿನ ಹೆಸರನ್ನು ಆ ಮಗುವಿನಿಂದಲೇ ಕೇಳಿ, ಉಚ್ಚಾರಣೆಯನ್ನು ಕನ್ನಡ ಅಕ್ಷರಗಳಲ್ಲಿ ಬರೆದಿಟ್ಟುಕೊಳ್ಳಿ.