ಹಾರ್ಮೋನು ಸಂಶೋಧನೆ: ನೀವು ಕೇಳಿದ್ದು, ನಾವು ಹೇಳಿದ್ದು

ಪ್ರಶ್ನೆ: ಬಯೋಕೆಮಿಸ್ಟ್ರಿ ಎಂ.ಎಸ್ಸಿ. ಎರಡನೇ ವರ್ಷದಲ್ಲಿದ್ದೇನೆ. ಹಾರ್ಮೋನುಗಳ ಮೇಲೆಯೇ ಪಿಎಚ್.ಡಿ. ಮಾಡುವ ಆಸೆ. ಬೆಂಗಳೂರಿನಲ್ಲಿ ‘ಎಂಡೋಕ್ರೈನಾಲಜಿ’ (ಹಾರ್ಮೋನು ವಿಜ್ಞಾನ) ಅಂತ ಬೋರ್ಡ್ ಇರುವ ಸಂಶೋಧನಾ ವಿಭಾಗವೇ ಕಾಣುತ್ತಿಲ್ಲವಲ್ಲ?
– ಓದುಗರು, ವಿಜಯನಗರ

ಉತ್ತರ: ಬೋರ್ಡ್ ನೋಡಿ ಹುಡುಕಿದರೆ ಸಿಗುವುದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್. ಆರ್. ಮೌದ್ಗಲ್ ಅವರು ಬಾನೆಟ್ ಮಕಾಕ್ ಕೋತಿಗಳಲ್ಲಿ ಸಂತಾನೋತ್ಪತ್ತಿಯನ್ನು ನಿಯಂತ್ರಿಸುವ ಎಫ್‌ಎಸ್‌ಎಚ್, ಎಲ್‌ಎಚ್ ಹಾರ್ಮೋನುಗಳ ಕೆಲಸವನ್ನು ಪ್ರತಿಕಾಯಗಳ ಮೂಲಕ ಬಿಡಿಸಿ ನೋಡಿದ ಪರಂಪರೆ ಇದೆ. ಅಲ್ಲಿ ಸಂತಾನೋತ್ಪತ್ತಿಯ ಹೆಸರು ಹೊತ್ತಿದ್ದ ವಿಭಾಗ ಈಗ ‘ಡೆವಲಪ್‌ಮೆಂಟಲ್ ಬಯಾಲಜಿ ಅಂಡ್ ಜೆನೆಟಿಕ್ಸ್’ ಆಗಿದೆ. ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರ, ಜಿಕೆವಿಕೆ ಆವರಣದ ಎನ್‌ಸಿಬಿಎಸ್ (ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ), ದನಕರುಗಳ ಶರೀರಕ್ರಿಯೆಯಲ್ಲಿ ಆಸಕ್ತಿಯಿದ್ದರೆ ಆಡುಗೋಡಿಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ, ಇವನ್ನೂ ನೋಡಿ. ಆಯಾ ಲ್ಯಾಬಿನ ಈಚಿನ ಐದು ವರ್ಷದ ಪ್ರಬಂಧಗಳಲ್ಲಿ ಶೀರ್ಷಿಕೆ ಬಿಟ್ಟು ‘ವಿಧಾನ’ದ ಭಾಗ ಓದಿ. ಹಾರ್ಮೋನನ್ನು ಅವರೇ ಅಳೆಯುತ್ತಾರೋ, ಹೊರಗಡೆ ಕಳಿಸಿ ಅಳೆಸುತ್ತಾರೋ ಅಲ್ಲೇ ತಿಳಿಯುತ್ತದೆ. ಈ ವಿದ್ಯೆಯಲ್ಲಿ ಅಳತೆ ಕೈಗೆ ಹತ್ತದವರು ಮುಂದೆ ಬರುವುದು ಕಷ್ಟ.

ಸಿಎಸ್‌ಐಆರ್-ನೆಟ್ ಪರೀಕ್ಷೆ ಬರೆದು ಜೆಆರ್‌ಎಫ್ (ಕಿರಿಯ ಸಂಶೋಧನಾ ಶಿಷ್ಯವೇತನ) ತೆಗೆದುಕೊಂಡರೆ ಬಾಗಿಲು ಬೇಗ ತೆರೆಯುತ್ತದೆ. 2023ರ ಪರಿಷ್ಕರಣೆಯಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಎಸ್‌ಆರ್‌ಎಫ್ (ಹಿರಿಯ ಶಿಷ್ಯವೇತನ) ಆದ ಮೇಲೆ 42,000. ಮನೆ ಬಾಡಿಗೆ ಭತ್ಯೆ ಬೇರೆ.

ಪ್ರಶ್ನೆ: ಎಂಸಿಎಫ್-7 ಸ್ತನ ಕ್ಯಾನ್ಸರ್ ಕೋಶಗಳಿಗೆ ಎಸ್ಟ್ರಾಡಿಯೋಲ್ (ಈಸ್ಟ್ರೋಜೆನ್ ಹಾರ್ಮೋನು) ಕೊಟ್ಟು, ಅದಕ್ಕೆ ಸ್ಪಂದಿಸಿ ಚುರುಕಾಗುವ ಟಿಎಫ್‌ಎಫ್1 ಜೀನ್ ನೋಡುತ್ತಿದ್ದೇನೆ. ಹಾರ್ಮೋನು ಹಾಕದ ಕಂಟ್ರೋಲಿನಲ್ಲೂ ಜೀನ್ ಜೋರಾಗಿಯೇ ಇದೆ. ನಾಲ್ಕು ಸಲ ಮಾಡಿದರೂ ಇದೇ ಕಥೆ.
– ಸಂಶೋಧನಾ ವಿದ್ಯಾರ್ಥಿನಿ, ಯಶವಂತಪುರ

ಉತ್ತರ: ನಿಮ್ಮ ಕಂಟ್ರೋಲ್ ಹಾರ್ಮೋನಿಲ್ಲದ ಕಂಟ್ರೋಲ್ ಅಲ್ಲದೇ ಇರಬಹುದು. ಮೀಡಿಯಂಗೆ (ಕೋಶ ಬೆಳೆಸುವ ದ್ರವಕ್ಕೆ) ಗುಲಾಬಿ ಬಣ್ಣ ಕೊಡುವ ಫೀನಾಲ್ ರೆಡ್ ಇದೆಯಲ್ಲ, ಅದರ ಜೊತೆಗೆ ದುರ್ಬಲ ಈಸ್ಟ್ರೋಜೆನ್‌ನಂತೆ ವರ್ತಿಸುವ ಗುಣವೂ ಬರುತ್ತದೆ. ಇದು 1986ರಲ್ಲೇ ಗೊತ್ತಾದ ಸಂಗತಿ. ಇನ್ನು ಕರುವಿನ ಸೀರಂನಲ್ಲಿ ಸ್ಟೆರಾಯ್ಡುಗಳು ಇದ್ದೇ ಇರುತ್ತವೆ. ಎರಡನ್ನೂ ತೆಗೆಯಬೇಕು. ಫೀನಾಲ್ ರೆಡ್ ಇಲ್ಲದ ಮೀಡಿಯಂ, ಅದಕ್ಕೆ ಇದ್ದಿಲು-ಡೆಕ್ಸ್ಟ್ರಾನ್‌ನಿಂದ ಶುದ್ಧೀಕರಿಸಿದ ಸೀರಂ ಶೇ. 5. ಇದರಲ್ಲಿ ಕೋಶಗಳನ್ನು ಕನಿಷ್ಠ ಮೂರು ದಿನ ‘ಉಪವಾಸ’ ಇರಿಸಿ. ಒಂದು ರಾತ್ರಿ ಸಾಲದು. ಬಣ್ಣವಿಲ್ಲದ ಮೀಡಿಯಂ ಹುಳಿಯಾದರೂ ಕಣ್ಣಿಗೆ ಕಾಣದು, ಹಳದಿಗೆ ತಿರುಗಿ ಎಚ್ಚರಿಸುವವರು ಯಾರೂ ಇಲ್ಲ. ಹಾಗಾಗಿ ದಿನ ಎಣಿಸಿ, ಎರಡು ದಿನಕ್ಕೊಮ್ಮೆ ಬದಲಿಸಿ.

ಪ್ರಮಾಣದಲ್ಲೂ ತಪ್ಪು ಆಗುತ್ತದೆ. ಎಸ್ಟ್ರಾಡಿಯೋಲ್‌ನ ಅಣುತೂಕ 272.4. ಹಾಗಾಗಿ 2.72 ಮಿಲಿಗ್ರಾಂ ಅನ್ನು 10 ಮಿಲಿಲೀಟರ್ ಎಥನಾಲ್‌ನಲ್ಲಿ ಕರಗಿಸಿದರೆ 1 ಮಿಲಿಮೋಲಾರ್. ಇದನ್ನು ಎಥನಾಲ್‌ನಲ್ಲೇ ನೂರು ಪಟ್ಟು ತೆಳುಮಾಡಿ, ಪ್ರತಿ ಮಿಲಿಲೀಟರ್ ಮೀಡಿಯಂಗೆ 1 ಮೈಕ್ರೋಲೀಟರ್ ಹಾಕಿದರೆ 10 ನ್ಯಾನೋಮೋಲಾರ್, ಎಥನಾಲ್ ಶೇ. 0.1. ಕಂಟ್ರೋಲಿಗೂ ಅಷ್ಟೇ ಎಥನಾಲ್ ಹಾಕಿ. ಸ್ಟಾಕ್ ಅನ್ನು ಗಾಜಿನ ಸೀಸೆಯಲ್ಲಿಡಿ. ಸ್ಟೆರಾಯ್ಡು ಪ್ಲಾಸ್ಟಿಕ್‌ಗೆ ಅಂಟಿಕೊಳ್ಳುತ್ತದೆ.

ಖಚಿತವಾಗಬೇಕಾದರೆ ಕೋಶದ ತಟ್ಟೆಯಲ್ಲಿ ಎರಡು ಬಾವಿ (ಗುಳಿ) ಹೆಚ್ಚು ಮಾಡಿ: ಕಂಟ್ರೋಲ್ ಕೋಶಗಳಿಗೆ ಫುಲ್ವೆಸ್ಟ್ರಾಂಟ್ 100 ನ್ಯಾನೋಮೋಲಾರ್ ಕೊಡಿ. ಅದು ಈಸ್ಟ್ರೋಜೆನ್ ಬಂದು ಕೂರುವ ರಿಸೆಪ್ಟರನ್ನೇ ನಾಶಮಾಡುವ ಔಷಧ. ಕಂಟ್ರೋಲಿನಲ್ಲಿ ಟಿಎಫ್‌ಎಫ್1 ಇಳಿದರೆ ಮೀಡಿಯಂನಲ್ಲಿ ಈಸ್ಟ್ರೋಜೆನ್ ಇತ್ತು ಎಂದೇ ಬಹುಪಾಲು ಅರ್ಥ. ಇಳಿಯದಿದ್ದರೆ ದೋಷ ಬೇರೆಡೆ ಹುಡುಕಿ. ಕೋಶಗಳು ಹಳತಾಗಿ ರಿಸೆಪ್ಟರ್ ಕಳೆದುಕೊಂಡಿದ್ದರೂ ಫಲಿತಾಂಶ ಕೆಡುತ್ತದೆ, ಒಮ್ಮೆ ವೆಸ್ಟರ್ನ್ ಬ್ಲಾಟ್‌ನಲ್ಲಿ (ಪ್ರೋಟೀನ್ ಪತ್ತೆ ಪರೀಕ್ಷೆ) ರಿಸೆಪ್ಟರಿನ 66 ಕಿಲೋಡಾಲ್ಟನ್ ಪಟ್ಟಿ ಇದೆಯೇ ನೋಡಿ.

ಪ್ರಶ್ನೆ: ನಮ್ಮ ಅಧ್ಯಯನದ ಆರೋಗ್ಯವಂತ ಸ್ವಯಂಸೇವಕರೊಬ್ಬರ ಟಿಎಸ್‌ಎಚ್ (ಥೈರಾಯ್ಡನ್ನು ಪ್ರಚೋದಿಸುವ ಹಾರ್ಮೋನು) ತುಂಬಾ ಕಡಿಮೆ, ಟಿ4 (ಥೈರಾಯ್ಡ್ ಹಾರ್ಮೋನು) ಹೆಚ್ಚು ಬಂದಿದೆ. ಲಕ್ಷಣ ಒಂದೂ ಇಲ್ಲ. ಹೊರಗಿಡಬೇಕೇ?
– ಓದುಗರು, ಮಲ್ಲೇಶ್ವರ

ಉತ್ತರ: ಕೂದಲಿಗೆ ಅಂತ ಬಯೋಟಿನ್ ಎಂಬ ವಿಟಮಿನ್ ಮಾತ್ರೆ ನುಂಗುತ್ತಾರಾ, ಮೊದಲು ಕೇಳಿ. ದಿನಕ್ಕೆ ಬೇಕಿರುವುದು ಸುಮಾರು 30 ಮೈಕ್ರೋಗ್ರಾಂ; ಮಾತ್ರೆಯಲ್ಲಿ 5 ಅಥವಾ 10 ಮಿಲಿಗ್ರಾಂ ಇರುವುದು ಸಾಮಾನ್ಯ. ಹಲವು ಕಿಟ್‌ಗಳು ಬಯೋಟಿನ್ ಅಂಟಿಸಿದ ಪ್ರತಿಕಾಯವನ್ನು ಬಯೋಟಿನ್‌ಗೆ ಬಿಗಿಯಾಗಿ ಅಂಟುವ ಸ್ಟ್ರೆಪ್ಟಾವಿಡಿನ್ ಪ್ರೋಟೀನ್‌ಗೆ ಹಿಡಿಸಿ ಕೆಲಸ ಮಾಡುತ್ತವೆ. ರಕ್ತದ ಬಯೋಟಿನ್ ಆ ಜಾಗ ಕಬಳಿಸಿದಾಗ ಟಿಎಸ್‌ಎಚ್‌ನ ‘ಸ್ಯಾಂಡ್‌ವಿಚ್’ ಪರೀಕ್ಷೆ ಸುಳ್ಳೇ ಕಡಿಮೆ ತೋರಿಸುತ್ತದೆ, ಟಿ4ನ ಪೈಪೋಟಿ ಪರೀಕ್ಷೆ ಸುಳ್ಳೇ ಹೆಚ್ಚು. ಎರಡೂ ಸೇರಿದರೆ ಥೈರಾಯ್ಡ್ ಕುದಿಯುತ್ತಿರುವ ಚಿತ್ರ! ಮಾತ್ರೆ ಕನಿಷ್ಠ ಎರಡು ದಿನ ನಿಲ್ಲಿಸಿ, ಹೊಸ ಮಾದರಿ ತೆಗೆದುಕೊಳ್ಳಿ. ಉಳಿದ ಹಳೆಯ ಸೀರಂನ ಒಂದು ಭಾಗವನ್ನು ಬಯೋಟಿನ್ ಬಳಸದ ಕಿಟ್‌ನಲ್ಲೂ ಓಡಿಸಿ. ಎರಡರಲ್ಲೂ ಅದೇ ಅಂಕಿ ಬಂದರೆ ಅವರನ್ನು ವೈದ್ಯರ ಬಳಿ ಕಳಿಸಿ. ಮುಂದಿನವರಿಗೆ ಕೊಡುವ ಪ್ರಶ್ನಾವಳಿಯಲ್ಲಿ ‘ಔಷಧ’ದ ಪಕ್ಕ ‘ಕೂದಲು, ಉಗುರಿನ ಮಾತ್ರೆ’ ಅಂತ ಬೇರೆ ಸಾಲು ಸೇರಿಸಿ. ಅದನ್ನು ಯಾರೂ ಔಷಧ ಅಂದುಕೊಳ್ಳುವುದಿಲ್ಲ.